ಮಗಳ ಚೀಲದಲ್ಲಿ ಬಂದ ದೇಣಿಗೆ ಕಾರ್ಡು

ಶಾಲೆಗಳು ಮನೆಗಳಿಂದ ಹಣ ಕೇಳುವುದೂ ಹೊಸದಲ್ಲ, ಮನೆಯವರು ಗೊಣಗುತ್ತಲೇ ಕೊಡುವುದೂ ಹೊಸದಲ್ಲ. ಮೈಸೂರಿನ ಕುವೆಂಪುನಗರದಲ್ಲಿ ಸಂಸಾರ ಹೂಡಿರುವ, ಜೊತೆಗೆ ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರ ಸೊಸೆಯೂ ಆಗಿರುವ ನನಗೆ ಎರಡು ಬಗೆಯ ಶಾಲೆಗಳ ಬೇಡಿಕೆಗಳನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿದೆ. ನನ್ನ ಮಗಳು ಓದುವುದು ನಗರದ ಖಾಸಗಿ ಶಾಲೆಯಲ್ಲಿ. ಮೈದುನನ ಇಬ್ಬರು ಮಕ್ಕಳು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತಾರೆ. ಮೈದುನ ಅಲ್ಲಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ ಸದಸ್ಯ. ಎರಡೂ ಕಡೆಯ ವರ್ಷಗಟ್ಟಲೆಯ ವ್ಯವಹಾರವನ್ನು ನೋಡಿದ ಮೇಲೆ ನನಗೆ ಅನ್ನಿಸಿರುವುದಿಷ್ಟು: ಕೊಡುವ ವಿಷಯದಲ್ಲಿ ನಮ್ಮ ಮನೆಗಳಿಗೆ ಹೇಳಿಕೊಳ್ಳುವಂಥ ತಕರಾರೇನೂ ಇಲ್ಲ, ಕೇಳುವ ಕೆಲಸವನ್ನು ಮಕ್ಕಳ ತಲೆಗೆ ಕಟ್ಟುತ್ತಾರಲ್ಲ, ಅಲ್ಲಿಂದ ಶುರುವಾಗುತ್ತದೆ ಕಿರಿಕಿರಿ.

ಖಾಸಗಿ ಶಾಲೆಯಲ್ಲಿ ಹಣ ಕೇಳುವ ಸಂದರ್ಭಗಳು ಜೂನ್‌ನಿಂದ ಮಾರ್ಚ್‌ವರೆಗೂ ಹರಡಿಕೊಂಡಿರುತ್ತವೆ. ವಾರ್ಷಿಕೋತ್ಸವಕ್ಕೆ ಬಾಡಿಗೆ ವೇಷಭೂಷಣದ ಹಣ, ಕ್ರೀಡಾಕೂಟಕ್ಕೆ ಟೀ ಶರ್ಟಿನ ಹಣ, ಸ್ಮರಣ ಸಂಚಿಕೆಗೆ ಜಾಹೀರಾತು, ಫುಡ್ ಫೆಸ್ಟಿನ ಕೂಪನ್ನು. ಇವೆಲ್ಲ ತಂದೆತಾಯಿಯರ ಮೊಬೈಲಿಗೇ ಬರುವ ಸೂಚನೆಗಳಾದ್ದರಿಂದ, ಒಮ್ಮೆ ನಿಟ್ಟುಸಿರು ಬಿಟ್ಟು ಫೋನ್‌ಪೇ ಮಾಡಿದರೆ ಮುಗಿದುಹೋಗುತ್ತವೆ. ಅಷ್ಟು ಸುಲಭಕ್ಕೆ ಮುಗಿಯದಿರುವುದು ದೇಣಿಗೆ ಕಾರ್ಡು. ಯಾವುದೋ ಸೇವಾ ಸಂಸ್ಥೆಯ ಪ್ರತಿನಿಧಿಗಳು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಬಂದು, ಕೈಬಿಟ್ಟ ವೃದ್ಧರ ಅಥವಾ ಅನಾಥ ಮಕ್ಕಳ ಕಷ್ಟವನ್ನು ಎಳೆಯ ಮನಸ್ಸುಗಳು ಕರಗುವಂತೆ ಬಣ್ಣಿಸಿ, ತರಗತಿಗೆ ಇಷ್ಟೆಂದು ಕಾರ್ಡುಗಳನ್ನು ಹಂಚಿ ಹೋಗುತ್ತಾರೆ. ಮಗಳು ತಂದದ್ದು ನಡುವೆ ಮಡಚಿದ ದಪ್ಪ ಕಾಗದದ್ದು. ಹೊರಗೆ ಬೊಚ್ಚುಬಾಯಲ್ಲಿ ನಗುವ ಅಜ್ಜಿಯ ಚಿತ್ರ. ಒಳಗೆ ಕ್ರಮಸಂಖ್ಯೆ, ಹೆಸರು, ಮೊತ್ತ, ಸಹಿ ಎಂಬ ನಾಲ್ಕು ಕಾಲಂಗಳು. ಹಿಂಬದಿಯಲ್ಲಿ ಇಷ್ಟು ಸಂಗ್ರಹಿಸಿದವರಿಗೆ ಪ್ರಶಸ್ತಿಪತ್ರ, ಅದಕ್ಕೂ ಮೇಲೆ ಹೋದವರಿಗೆ ಪದಕ, ಇನ್ನೂ ಮೇಲೆ ಹೋದವರಿಗೆ ವೇದಿಕೆಯ ಮೇಲೆ ಸನ್ಮಾನ ಎಂಬ ಪಟ್ಟಿ.

ಈ ಕಾರ್ಡಿನ ಮೊದಲ ಸಾಲನ್ನು ಯಾರು ತುಂಬುತ್ತಾರೆ ಎಂಬುದರ ಮೇಲೆ ಉಳಿದೆಲ್ಲ ಸಾಲುಗಳ ಹಣೆಬರಹ ನಿಂತಿರುತ್ತದೆ ಎಂಬುದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಎದುರುಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಮೊದಲಿಗೆ 501 ಎಂದು ಬರೆದು ದುಂಡಾದ ಸಹಿ ಹಾಕಿದರೆ, ಅದರ ಕೆಳಗೆ 50 ಎಂದು ಬರೆಯಲು ಯಾರ ಕೈಯೂ ಏಳುವುದಿಲ್ಲ. ಮೊದಲನೆಯವರು 20 ಬರೆದರೋ, ಕಾರ್ಡು ಕೊನೆಯವರೆಗೂ ಇಪ್ಪತ್ತರಲ್ಲೇ ಓಡುತ್ತದೆ. ಆದ್ದರಿಂದ ಮೊದಲ ಸಾಲನ್ನು ಖಾಲಿ ಬಿಟ್ಟು ಎರಡನೆಯ ಸಾಲಿನಿಂದ ಬರೆಸಿಕೊಂಡು, ಆಮೇಲೆ ಯಾರಾದರೂ ಧಾರಾಳಿ ಸಿಕ್ಕಾಗ ಮೇಲೆ ಬರೆಸುವ ಜಾಣ ಮಕ್ಕಳನ್ನೂ ನಮ್ಮ ರಸ್ತೆಯಲ್ಲಿ ನೋಡಿದ್ದೇನೆ. ಹತ್ತು ವರ್ಷದ ಮಗುವಿಗೆ ವ್ಯವಹಾರಜ್ಞಾನ ಬರಲಿ ಎಂದು ಶಾಲೆ ಬಯಸಿದ್ದರೆ ಅದು ನಿಜಕ್ಕೂ ಬಂದಿದೆ. ಕಾರುಣ್ಯ ಬಂದಿದೆಯೇ ಎಂಬುದರ ಬಗ್ಗೆ ಮಾತ್ರ ನನಗೆ ಅನುಮಾನ.

ಬೀದಿಯ ಮಟ್ಟದಲ್ಲಿ ಇದು ಮದುವೆಮನೆಯ ಮುಯ್ಯಿಯ ಲೆಕ್ಕದಂತೆಯೇ ನಡೆಯುತ್ತದೆ. ಪಕ್ಕದ ಮನೆಯ ಹುಡುಗ ಆಗಸ್ಟ್‌ನಲ್ಲಿ ತನ್ನ ಶಾಲೆಯ ಕಾರ್ಡು ಹಿಡಿದು ಬಂದಾಗ ನಾವು ನೂರು ಕೊಟ್ಟಿದ್ದರೆ, ನವೆಂಬರಿನಲ್ಲಿ ನಮ್ಮ ಮಗಳು ಅವರ ಬಾಗಿಲು ತಟ್ಟಿದಾಗ ಆ ನೂರು ಹಿಂದಿರುಗುತ್ತದೆ. ಯಾರೂ ಪುಸ್ತಕದಲ್ಲಿ ಬರೆದಿಡದಿದ್ದರೂ ಎಲ್ಲರಿಗೂ ನೆನಪಿರುತ್ತದೆ. ಹೀಗೆ ನಾಲ್ಕು ಮನೆಗಳ ದುಡ್ಡು ನಾಲ್ಕು ಕಾರ್ಡುಗಳಲ್ಲಿ ಸುತ್ತಾಡುವಾಗ, ಯಾವ ಮನೆಯೂ ತಾನು ಯಾವ ಕೆಲಸಕ್ಕೆ ಕೊಟ್ಟೆ ಎಂದು ಕೇಳುವುದಿಲ್ಲ. ಮಗುವಿನ ಮುಖ ನೋಡಿ ಕೊಟ್ಟೆವು ಎನ್ನುತ್ತದೆ, ಅಷ್ಟೇ. ಬಂಧುಬಳಗ ದೊಡ್ಡದಿರುವ ಮನೆಯ ಮಗುವಿಗೆ, ಅಪ್ಪನ ಕಚೇರಿಯಲ್ಲಿ ಕೈಕೆಳಗೆ ಹತ್ತು ಜನರಿರುವ ಮಗುವಿಗೆ, ಕಾರ್ಡು ಒಂದೇ ಸಂಜೆಯಲ್ಲಿ ತುಂಬುತ್ತದೆ. ಅಪ್ಪ ಕಚೇರಿಗೆ ಕಾರ್ಡು ಒಯ್ದಾಗ ಕೈಕೆಳಗಿನವರು ಬರೆಯುವ ಮೊತ್ತವನ್ನು ದೇಣಿಗೆ ಎನ್ನಬಹುದೇ ಎಂಬ ಪ್ರಶ್ನೆಯನ್ನು ನಾನು ನಮ್ಮ ಮನೆಯವರಿಗೇ ಕೇಳಿ, ಅವರು ಕಾರ್ಡನ್ನು ಚೀಲದಿಂದ ತೆಗೆದಿಟ್ಟು ಹೋದದ್ದೂ ಉಂಟು.

ಮಗಳ ತರಗತಿಯಲ್ಲಿ ಆಟೋ ಓಡಿಸುವವರ ಮಗಳೊಬ್ಬಳಿದ್ದಾಳೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಮೀಸಲಿಡಬೇಕಾದ ಶೇಕಡಾ 25ರ ಸೀಟಿನಲ್ಲಿ ಬಂದವಳು. ಆಕೆಗೂ ಅದೇ ಕಾರ್ಡು ಸಿಕ್ಕಿತು. ಅವಳು ಹೋಗಬೇಕಾದ ಬೀದಿಯಲ್ಲಿ 501 ಬರೆಯುವವರು ಯಾರಿದ್ದಾರೆ? ಕಾರ್ಡು ಹಿಂದಿರುಗಿಸುವ ದಿನ ಒಬ್ಬೊಬ್ಬರ ಹೆಸರು ಕರೆದು, ಮೊತ್ತವನ್ನು ಗಟ್ಟಿಯಾಗಿ ಓದಿ, ಹೆಚ್ಚು ತಂದವರಿಗೆ ಚಪ್ಪಾಳೆ ಹೊಡೆಸಿದರೆಂದು ಮಗಳು ಹೇಳಿದಾಗ, ಆ ಹುಡುಗಿಯ ಸರದಿ ಬಂದಾಗ ಏನಾಯಿತು ಎಂದು ಕೇಳಿದೆ. ‘ಅವ್ಳು ಅವತ್ತು ಬಂದಿರ್ಲಿಲ್ಲಮ್ಮ’ ಎಂದಳು. ಈ ಉತ್ತರವನ್ನು ಶಾಲೆಯ ಆಡಳಿತ ಮಂಡಳಿಯವರು ಕೇಳಿಸಿಕೊಳ್ಳಬೇಕಿತ್ತು.

ಕಾನೂನಿನ ಮಾತನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಶಾಲೆ ಪ್ರಕಟಿಸಿದ ಶುಲ್ಕವನ್ನು ಬಿಟ್ಟು ಬೇರೆ ಯಾವ ರೂಪದಲ್ಲಿ ಪಡೆದ ದೇಣಿಗೆ, ವಂತಿಗೆಯೂ ಕ್ಯಾಪಿಟೇಶನ್ ಶುಲ್ಕವೇ. ಪ್ರವೇಶದ ಸಮಯದಲ್ಲಿ ಅದನ್ನು ವಸೂಲು ಮಾಡಿದರೆ ಅದರ ಹತ್ತು ಪಟ್ಟಿನವರೆಗೆ ದಂಡ ವಿಧಿಸಬಹುದು. ಆದರೆ ‘ಸ್ವಇಚ್ಛೆಯಿಂದ’ ಎಂಬ ಒಂದು ಪದವನ್ನು ಸುತ್ತೋಲೆಯ ಕೊನೆಯ ಸಾಲಿನಲ್ಲಿ ಸೇರಿಸಿದರೆ ಎಲ್ಲವೂ ಸುರಳೀತ. ಮಗುವಿನ ಡೈರಿಯಲ್ಲಿ ‘ಇನ್ನೂ ಕಾರ್ಡು ಹಿಂದಿರುಗಿಸಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸುವ ಸ್ವಇಚ್ಛೆಯ ಸಂಗ್ರಹವನ್ನು ಕಂಡವರಿಗೆ ಆ ಪದದ ಬೆಲೆ ಗೊತ್ತು.

ಹಾಗೆಂದು ಮಕ್ಕಳ ಮೂಲಕ ಬರುವ ಎಲ್ಲ ಬೇಡಿಕೆಗಳೂ ಮನೆಯವರಿಗೆ ಕಿರಿಕಿರಿಯೇನಲ್ಲ. ಸಶಸ್ತ್ರ ಪಡೆಗಳ ಧ್ವಜ ದಿನವನ್ನು 1949ರಿಂದ ಪ್ರತಿ ಡಿಸೆಂಬರ್ 7ರಂದು ಆಚರಿಸುತ್ತಾರೆ. ನಮ್ಮ ಬಾಲ್ಯದಲ್ಲಿ ಆ ದಿನ ಶಾಲೆಯಲ್ಲಿ ಕೊಡುತ್ತಿದ್ದ ಪುಟ್ಟ ಕಾಗದದ ಬಾವುಟವನ್ನು ಗುಂಡುಪಿನ್ನಿನಿಂದ ಅಂಗಿಗೆ ಚುಚ್ಚಿಕೊಂಡು ಸಂಜೆಯವರೆಗೂ ತೆಗೆಯುತ್ತಿರಲಿಲ್ಲ. ಶಿಕ್ಷಕರ ದಿನಾಚರಣೆಯ ಬಾವುಟ, ಅಕ್ಟೋಬರ್ 2ರಿಂದ ಶುರುವಾಗುವ ಕ್ಷಯರೋಗ ನಿವಾರಣೆಯ ಅಂಚೆಚೀಟಿಯಂಥ ಮುದ್ರೆಗಳು, ಇವಕ್ಕೂ ಮನೆಯಲ್ಲಿ ಯಾರೂ ಮುಖ ಗಂಟಿಕ್ಕಿದ್ದು ನೆನಪಿಲ್ಲ. ಮೊತ್ತ ಚಿಕ್ಕದು, ಎಲ್ಲರಿಗೂ ಒಂದೇ, ಯಾರು ಹೆಚ್ಚು ತಂದರು ಎಂಬ ಸ್ಪರ್ಧೆಯಿಲ್ಲ. ಅಷ್ಟಿದ್ದರೆ ಮಗುವಿಗೂ ಹಗುರ, ಅಪ್ಪನ ಜೇಬಿಗೂ ಹಗುರ.

ಇನ್ನು ಊರಿನ ಶಾಲೆಯ ಕಥೆ. ಅಲ್ಲಿ ಹಣ ಏಕೆ ಬೇಕು ಎಂಬುದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ, ಕಣ್ಣಿಗೇ ಕಾಣುತ್ತದೆ. ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನವು ಮಕ್ಕಳ ಸಂಖ್ಯೆಯನ್ನು ಆಧರಿಸಿದ್ದು, 31ರಿಂದ 100 ಮಕ್ಕಳಿರುವ ಶಾಲೆಗೆ ನಿಗದಿಯಾಗಿರುವುದು ವರ್ಷಕ್ಕೆ 25,000 ರೂಪಾಯಿ. ತಿಂಗಳಿಗೆ ಎರಡು ಸಾವಿರದ ಆಸುಪಾಸು. ಸೀಮೆಸುಣ್ಣ, ಕಾಗದ, ಶೌಚಾಲಯದ ಸ್ವಚ್ಛತೆ, ಒಡೆದ ಹೆಂಚು, ಕೆಟ್ಟ ನಲ್ಲಿ ಎಲ್ಲವೂ ಇದರಲ್ಲೇ ಆಗಬೇಕು. ಮುಖ್ಯ ಶಿಕ್ಷಕರು ತಮ್ಮ ಕೈಯಿಂದ ಹಾಕಿ, ಆಮೇಲೆ ರಸೀದಿಗಳನ್ನು ಹೊಂದಿಸಲು ಪಡುವ ಪಾಡನ್ನು ಮೈದುನ ಹೇಳುತ್ತಿರುತ್ತಾನೆ.

ಇಂಥ ಹೊತ್ತಿನಲ್ಲಿ, 2022ರ ಅಕ್ಟೋಬರ್‌ನಲ್ಲಿ, ಪೋಷಕರಿಂದ ತಿಂಗಳಿಗೆ 100 ರೂಪಾಯಿಯಂತೆ ಸ್ವಇಚ್ಛೆಯ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಟ್ಟು ರಾಜ್ಯದ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಎಲ್ಲೆಡೆಯಿಂದ ವಿರೋಧ ಬಂದು ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೂ ಪಡೆಯಿತು. ಆ ಕೆಲವು ದಿನ ನಮ್ಮ ಊರ ಮನೆಯ ಪಡಸಾಲೆಯಲ್ಲಿ ನಡೆದ ಚರ್ಚೆ ನನಗೆ ಚೆನ್ನಾಗಿ ನೆನಪಿದೆ. ಅರುವತ್ತು ಮಕ್ಕಳ ಶಾಲೆಯಾದರೆ ವರ್ಷಕ್ಕೆ 72,000 ರೂಪಾಯಿ ಕೂಡುತ್ತದೆ, ಅನುದಾನದ ಹೆಚ್ಚುಕಡಿಮೆ ಮೂರು ಪಟ್ಟು. ಇಷ್ಟಿದ್ದರೆ ಒಬ್ಬ ಅತಿಥಿ ಶಿಕ್ಷಕರಿಗೂ ಸ್ವಲ್ಪ ಕೊಡಬಹುದು ಎಂದು ಮೈದುನ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ. ಮಾವನವರು, ಸ್ಕೂಲಿಗೆ ಕೊಡೋದೂ ದೇವಸ್ಥಾನಕ್ಕೆ ಕೊಡೋದೂ ಒಂದೇ, ಇದರಲ್ಲಿ ಮಾತೇನು ಎಂದರು. ಒಲೆಯ ಮುಂದಿದ್ದ ನನ್ನ ಓರಗಿತ್ತಿ ಅಲ್ಲಿಂದಲೇ ಹೇಳಿದ್ದು ಇದು: ‘ಇಬ್ರಿಗೆ ತಿಂಗ್ಳಿಗೆ ಇನ್ನೂರು ಆಯ್ತದೆ ಅಕ್ಕ. ಇವ್ರನ್ನ ಗೌರ್ಮೆಂಟ್ ಸ್ಕೂಲಿಗೆ ಯಾಕ್ ಹಾಕಿವಿ ಅಂತ ಅವ್ರಿಗೂ ಗೊತ್ತಿಲ್ವಾ?’ ವರ್ಷಕ್ಕೆ 2,400 ರೂಪಾಯಿಯ ಆ ಲೆಕ್ಕವನ್ನು ಮೈದುನ ತನ್ನ ಕಾಗದದಲ್ಲಿ ಬರೆದಿರಲಿಲ್ಲ.

ಅವಳ ಮಾತಿನಲ್ಲಿದ್ದದ್ದು ಜಿಪುಣತನವಲ್ಲ. ಮಂಡ್ಯದ ಕಡೆಯ ಮನೆಗಳಲ್ಲಿ ದುಡ್ಡು ತಿಂಗಳ ಒಂದನೇ ತಾರೀಕಿಗೆ ಬರುವುದಿಲ್ಲ. ಕಬ್ಬು ಸಾಗಿಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ, ಆ ಹಣಕ್ಕಾಗಿ ತಿಂಗಳುಗಟ್ಟಲೆ ಕಾದ ಅನುಭವ ಬಹಳ ಮನೆಗಳಿಗಿದೆ. ದಿನದ ಖರ್ಚಿಗೆ ಒದಗುವುದು ಡೈರಿಗೆ ಹಾಕಿದ ಹಾಲಿನ ಬಟವಾಡೆ, ಮತ್ತು ಅದು ಹೆಂಗಸರ ಕೈಯಲ್ಲಿರುವ ದುಡ್ಡು. ನೋಟ್‌ಬುಕ್ಕು, ಮಗುವಿನ ಕೆಮ್ಮಿನ ಔಷಧಿ, ಶನಿವಾರದ ಬಿಳಿ ಸಮವಸ್ತ್ರ ಎಲ್ಲವೂ ಅದರಿಂದಲೇ ಆಗಬೇಕು. ಶಾಲೆಗಳು ಹಣ ಕೇಳುವುದು ಜೂನ್ ತಿಂಗಳಲ್ಲಿ. ಬಿತ್ತನೆಗೆ, ಗೊಬ್ಬರಕ್ಕೆ ಸಾಲ ಮಾಡುವ ಕಾಲದಲ್ಲಿ. ಅದೇ ಊರು ಸುಗ್ಗಿಯ ನಂತರ ಹಬ್ಬಕ್ಕೆ ಮನೆಗೆ ಸಾವಿರದಂತೆ ವಂತಿಗೆ ಎತ್ತಿ ಕೊಂಡೋತ್ಸವ ಮಾಡುತ್ತದೆ. ಜನ ಕೊಡುವುದಿಲ್ಲ ಎಂದು ದೂರುವ ಮುಂಚೆ ಯಾವ ತಿಂಗಳಲ್ಲಿ ಕೇಳಿದಿರಿ ಎಂದು ನೋಡಬೇಕು.

ಹಿಂದಿನವರಿಗೆ ಈ ತಿಳಿವಳಿಕೆ ಇತ್ತು. ಮಾವನವರು ಮೈಸೂರಿನ ವಿದ್ಯಾರ್ಥಿನಿಲಯವೊಂದರಲ್ಲಿದ್ದು ಓದಿದವರು. ಸುಗ್ಗಿ ಮುಗಿದ ಮೇಲೆ ಊರಿಂದ ರಾಗಿ ಮೂಟೆ ಹಾಸ್ಟೆಲಿಗೆ ಹೋಗುತ್ತಿತ್ತು, ಯಾರ ಮನೆಯದು ಎಷ್ಟು ಎಂದು ಹುಡುಗರಿಗೆ ತಿಳಿಯುತ್ತಿರಲಿಲ್ಲ ಎಂದು ಹೇಳುತ್ತಾರೆ. ಮೈಸೂರಿನ ಅಗ್ರಹಾರಗಳಲ್ಲಿ ವಾರಾನ್ನದ ಪದ್ಧತಿಯಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ಹುಡುಗರು ಎಷ್ಟೋ ಜನ. ಅದನ್ನು ಬಹಳ ಹೊಗಳುವುದೂ ಬೇಡ. ಜಾತಿಯ ಗೆರೆಯೊಳಗೆ ನಡೆಯುತ್ತಿದ್ದ ಉಪಕಾರವದು; ಯಾವ ಮನೆಯಲ್ಲಿ ಎಲೆ ಹಾಕುವಾಗ ಯಾರ ಮುಖ ಹೇಗಿತ್ತು ಎಂಬುದನ್ನು ಉಂಡವರು ಸಾಯುವವರೆಗೂ ಮರೆಯುತ್ತಿರಲಿಲ್ಲ. ಮೈಸೂರಿಗರು ತಾತಯ್ಯ ಎಂದೇ ಕರೆದ ಎಂ. ವೆಂಕಟಕೃಷ್ಣಯ್ಯನವರು ಬಡ ವಿದ್ಯಾರ್ಥಿಗಳಿಗಾಗಿ ಅನಾಥಾಲಯವನ್ನು ಕಟ್ಟಿದಾಗ, ಹುಡುಗ ಮನೆಮನೆಯ ಬಾಗಿಲಲ್ಲಿ ನಿಲ್ಲುವ ಬದಲು ಒಂದು ಸಂಸ್ಥೆ ಅವನ ಪರವಾಗಿ ನಿಂತಿತು. ಬೇಡುವ ಹೊರೆಯನ್ನು ದೊಡ್ಡವರು ಹೊತ್ತರು ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ.

ಮಕ್ಕಳೇ ಮುಂದೆ ನಿಂತು ಹಣ ಕೂಡಿಸುವ ಒಂದು ಕಾರ್ಯಕ್ರಮ ಮಾತ್ರ ನನಗೆ ಮನಸಾರೆ ಇಷ್ಟ: ಮಕ್ಕಳ ಸಂತೆ. ನಮ್ಮ ಊರಿನ ಶಾಲೆಯಲ್ಲಿ ಅವರೆಕಾಯಿಯ ಕಾಲದಲ್ಲಿ ಇದನ್ನು ಇಟ್ಟುಕೊಳ್ಳುತ್ತಾರೆ. ಅಂಗಳದಲ್ಲಿ ಗೋಣಿಚೀಲ ಹಾಸಿ, ಅವರೆಕಾಯಿ, ಕೀರೆಸೊಪ್ಪು, ದಂಟುಸೊಪ್ಪು, ಎಳನೀರು, ನಿಂಬೆಹಣ್ಣು, ಮನೆಯಲ್ಲೇ ಕಲಸಿದ ಚುರುಮುರಿ ಹರವಿಕೊಂಡು ಮಕ್ಕಳು ಕೂಗುತ್ತಾರೆ. ಮೈದುನನ ಕಿರಿಯ ಮಗ ಕಳೆದ ಸಲ ಸೊಪ್ಪಿನ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತ, ಹತ್ತು ರೂಪಾಯಿಗೆ ಮೂರು ಎಂದು ಕೂಗುತ್ತಿದ್ದ. ಅವನ ಅಜ್ಜಿಯೇ ಬಂದು ನಾಲ್ಕು ಕೊಡು ಎಂದು ಚೌಕಾಸಿಗಿಳಿದಾಗ, ಬೇಕಾದ್ರೆ ತಗೋ ಇಲ್ಲಾಂದ್ರೆ ಮುಂದಕ್ಕೆ ಹೋಗಜ್ಜಿ ಎಂದುಬಿಟ್ಟ. ಆ ಸೊಪ್ಪನ್ನು ಬೆಳಗ್ಗೆ ಅತ್ತೆಯೇ ಹಿತ್ತಲಿನಿಂದ ಕಿತ್ತು, ಬಾಳೆನಾರಿನಲ್ಲಿ ಕಟ್ಟು ಕಟ್ಟಿ ಕಳಿಸಿದ್ದರು! ಸಂಜೆ ಚಿಲ್ಲರೆ ಎಣಿಸಿ, ಬಂದದ್ದನ್ನು ಕರಿಹಲಗೆಯ ಮೇಲೆ ಬರೆದು, ಅದರಲ್ಲಿ ಒಂದು ಪಾಲನ್ನು ಆಟದ ಸಾಮಾನಿಗೆ ಎತ್ತಿಟ್ಟರು. ಕೊಂಡವರ ಕೈಗೆ ಸೊಪ್ಪು ಬಂತು, ಮಾರಿದ ಮಗುವಿಗೆ ಕೂಡುವ ಕಳೆಯುವ ಲೆಕ್ಕ ಬಂತು, ಯಾರೂ ಯಾರ ಮುಂದೆಯೂ ಕೈಯೊಡ್ಡಲಿಲ್ಲ.

ಅಮೆರಿಕದಲ್ಲಿರುವ ನನ್ನ ತಂಗಿಗೆ ಇದನ್ನು ಹೇಳಿದಾಗ, ತನ್ನ ಮಕ್ಕಳ ಶಾಲೆಯಲ್ಲಿ ಚಾಕೊಲೇಟು, ಪಾಪ್‌ಕಾರ್ನ್, ಉಡುಗೊರೆ ಸುತ್ತುವ ಬಣ್ಣದ ಕಾಗದ ಇವನ್ನೆಲ್ಲ ಕಂಪನಿಯೊಂದರ ಮೂಲಕ ತರಿಸಿ ಮಕ್ಕಳ ಕೈಲಿ ಮಾರಿಸುತ್ತಾರೆ, ಕಂಪನಿಯೂ ತನ್ನ ಪಾಲು ಹಿಡಿದುಕೊಳ್ಳುತ್ತದೆ ಎಂದು ಹೇಳಿ ನಕ್ಕಳು. ಆದರೆ ಅಲ್ಲಿ ಕೆಲವು ಶಾಲೆಗಳು ಇನ್ನೊಂದು ದಾರಿಯನ್ನೂ ಇಟ್ಟಿವೆಯಂತೆ: ವರ್ಷದ ಆರಂಭದಲ್ಲಿ ಕೈಲಾದಷ್ಟಕ್ಕೆ ಒಂದು ಚೆಕ್ ಬರೆದುಕೊಟ್ಟರೆ ಆ ಮನೆಯ ಮಗು ವರ್ಷವಿಡೀ ಏನನ್ನೂ ಮಾರಬೇಕಾಗಿಲ್ಲ.

ಅದು ನನಗೆ ಹಿಡಿಸಿತು. ಈಗ ನಮ್ಮ ಮನೆಯಲ್ಲಿ ಜೂನ್‌ನಲ್ಲೇ, ಶುಲ್ಕ ಕಟ್ಟುವಾಗಲೇ, ಕೊಡುವ ಕೆಲಸಕ್ಕೆಂದು ಒಂದು ಮೊತ್ತವನ್ನು ಬೇರೆ ಎತ್ತಿಡುತ್ತೇವೆ. ಮಗಳ ಚೀಲದಲ್ಲಿ ಬರುವ ಕಾರ್ಡನ್ನು ತುಂಬದೆ, ನಾವು ಸಂಸ್ಥೆಗೆ ನೇರವಾಗಿ ಕೊಡುತ್ತೇವೆ, ಮಗುವನ್ನು ಸಂಗ್ರಹಕ್ಕೆ ಕಳಿಸುವುದಿಲ್ಲ ಎಂಬ ಎರಡು ಸಾಲಿನ ಪತ್ರದೊಡನೆ ಹಿಂದಿರುಗಿಸುತ್ತೇವೆ. ನೇರವಾಗಿ ಕೊಟ್ಟರೆ ರಸೀದಿಯೂ ಸಿಗುತ್ತದೆ. 80ಜಿ ಎಂದು ಜನ ಕರೆಯುವ ತೆರಿಗೆ ವಿನಾಯಿತಿ ಬೇಕೆನ್ನುವವರು 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಡಬಾರದು ಎಂಬುದನ್ನು ನೆನಪಿಟ್ಟರೆ ಸಾಕು. ಪೋಷಕರ ಸಭೆಯಲ್ಲಿ ಈ ಮಾತು ಎತ್ತಿದಾಗ ಮೊದಲು ಯಾರೂ ದನಿಗೂಡಿಸಲಿಲ್ಲ. ಸಭೆ ಮುಗಿದು ಗೇಟಿನ ಬಳಿ ಸ್ಕೂಟರು ತೆಗೆಯುವಾಗ ಮಾತ್ರ ಒಬ್ಬೊಬ್ಬರಾಗಿ ಬಂದು, ನೀವು ಹೇಳಿದ್ದು ಒಳ್ಳೇದಾಯ್ತು ರೀ ಎಂದರು. ನಮ್ಮ ಜನ ಹೀಗೆಯೇ, ಮಗುವಿನ ಮೇಲೆ ಎಲ್ಲಿ ಸಿಟ್ಟು ತೀರಿಸುತ್ತಾರೋ ಎಂಬ ಅಳುಕು. ತರಗತಿಯಲ್ಲಿ ಮೊತ್ತವನ್ನು ಓದುವುದನ್ನು ಶಾಲೆ ನಿಲ್ಲಿಸಿದೆ. ಪದಕಗಳನ್ನು ನಿಲ್ಲಿಸಿಲ್ಲ.

ಎತ್ತಿಟ್ಟ ಹಣದಲ್ಲಿ ಒಂದು ಪಾಲು ಊರಿನ ಶಾಲೆಗೆ ಹೋಗುತ್ತದೆ. ಅಲ್ಲಿನ ಖಾತೆ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಹೆಸರಿನಲ್ಲಿರುವುದರಿಂದ ಲೆಕ್ಕ ಕೇಳುವುದೂ ಸುಲಭ. ದಾನ ಕೊಡುವವರಿಗೆ ಅಲ್ಲಿ ಬರವಿಲ್ಲ. ಆ ಶಾಲೆಯ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ಕೆಂಪು ಬಣ್ಣದಲ್ಲಿ ದಾನಿಯ ಹೆಸರು, ತಂದೆಯ ಹೆಸರು, ಊರು ಬರೆದಿದೆ; ತಿರುಗುವಾಗ ಯಾವುದೂ ಓದಲು ಬರುವುದಿಲ್ಲ. ಬೀರುವಿನ ಮೇಲೆ, ಗೋಡೆ ಗಡಿಯಾರದ ಮೇಲೆ, ಬಿಸಿಯೂಟದ ತಟ್ಟೆಗಳ ಅಂಚಿನಲ್ಲಿ, ಎಲ್ಲೆಲ್ಲೂ ಹೆಸರುಗಳು. ಆದರೆ ಫ್ಯಾನು ತಿರುಗಿದ್ದಕ್ಕೆ ಬರುವ ಕರೆಂಟ್ ಬಿಲ್ಲಿಗೆ ದಾನಿಗಳು ಯಾರೂ ಸಿಗುವುದಿಲ್ಲ, ಬಿಲ್ಲಿನ ಮೇಲೆ ಹೆಸರು ಬರೆಸಲಾಗದಲ್ಲ!

ಈ ವರ್ಷ ಮಗಳ ಹುಟ್ಟುಹಬ್ಬಕ್ಕೆ ಊರಿನ ಶಾಲೆಗೆ ಐವತ್ತು ಸ್ಟೀಲ್ ತಟ್ಟೆ ಕೊಡೋಣವೆಂದು ಓರಗಿತ್ತಿಗೆ ಫೋನ್ ಮಾಡಿದ್ದೆ. ‘ತಟ್ಟೆ ಬ್ಯಾಡ ಕಣಕ್ಕ, ಹೋದೊರ್ಸ ಕೊಟ್ಟಿದ್ದೇ ಮೂಟೇಲಿ ಅವೆ. ಅಡುಗೆಯೋರ ಮಿಕ್ಸಿ ಕೆಟ್ಟು ಕೂತದೆ, ಕಾಯಿ ಖಾರ ಎಲ್ಲ ಮನೇಲಿ ರುಬ್ಕೊಂಡ್ ಬತ್ತಾವ್ರೆ ಪಾಪ’ ಎಂದಳು. ಮಿಕ್ಸಿಯ ಮೋಟಾರು ಸುಟ್ಟಿತ್ತು. ಮೈದುನ ಅದನ್ನು ಪಾಂಡವಪುರಕ್ಕೆ ಒಯ್ದು ವೈಂಡಿಂಗ್ ಮಾಡಿಸಿ ತಂದು, ಅಂಗಡಿಯ ಬಿಲ್ಲಿನ ಫೋಟೋವನ್ನು ನನಗೆ ಕಳಿಸಿದ.